ನಗರಗೆರೆ ವೆಂಕಟಲಕ್ಷ್ಮಿಯ ಪ್ಲೇಟು ತೊಳೆದದ್ದು

ಆ ಗ್ರಾಮಫೋನ್ ಪ್ಲೇಟು ಚಿಕ್ಕಬಳ್ಳಾಪುರದ ನನ್ನ ಸ್ಟುಡಿಯೊಗೆ ಬಂದದ್ದು ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು. ತಂದವರು ಶಿಡ್ಲಘಟ್ಟದ ಒಬ್ಬ ಶಾಲಾ ಮೇಷ್ಟ್ರು. ಬೈಕಿನಲ್ಲಿ ಹಿಂದೆ ಕೂತ ಹೆಂಡತಿಯ ಮಡಿಲಲ್ಲಿ ಹಸುಗೂಸಿನ ಹಾಗೆ ಇಡಿಸಿಕೊಂಡು ಬಂದಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟಾಗ ನಡುವಿನ ಚೀಟಿ ಅರ್ಧಕ್ಕರ್ಧ ಹರಿದಿತ್ತು. ಹಾಡು ಕೊರೆದ ಗೀರುಗಳ ತುಂಬ ಬೂದಿಬಣ್ಣದ ಧೂಳು ಕೂತಿತ್ತು. ಬಿರುಕು ಮಾತ್ರ ಎಲ್ಲೂ ಇರಲಿಲ್ಲ.

"ನಮ್ಮಜ್ಜಿಯ ಅಮ್ಮ ಹಾಡಿರೋದು ಸಾರ್," ಎಂದರು ಮೇಷ್ಟ್ರು. "ಕಂಪನಿ ನಾಟಕದಲ್ಲಿ ದೊಡ್ಡ ಹೆಸರಂತೆ. ಅವ್ರದ್ದು ಅಂತ ಉಳಿದಿರೋದು ಇದೊಂದೇ. ಅಜ್ಜಿಗೆ ಒಂದು ಕಿವಿ ಆಗ್ಲೇ ಹೋಗೈತೆ, ಇನ್ನೊಂದೂ ಜಾಸ್ತಿ ದಿನ ಇರಲ್ಲ ಅಂದವ್ರೆ ಡಾಕ್ಟ್ರು. ಅಷ್ಟರೊಳಗೆ ಕೇಳಿಸ್ಬೇಕು."

"ಅಯ್ಯೋ, ಇದೇನು ಮಹಾ ಬಿಡಿ ಮೇಷ್ಟ್ರೆ," ಎಂದೆ. ಈಗ ಆ ಮಾತು ನೆನೆದರೆ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ. ನನ್ನ ಸ್ಟುಡಿಯೊದಲ್ಲಿ ಆಗುವ ಕೆಲಸವೆಂದರೆ ಕೈವಾರಕ್ಕೆ ಹೋಗುವ ಭಜನೆ ತಂಡಗಳ ಹಾಡು, ಎಲೆಕ್ಷನ್ ಬಂದರೆ ಆಟೋದಲ್ಲಿ ಕೂಗಿಸುವ ಪ್ರಚಾರ, ಮಿಕ್ಕ ದಿನ ಕಸದ ಗಾಡಿಯ ಹಾಡು. ಹಳೇ ಕ್ಯಾಸೆಟ್ಟು, ಎಲ್‌ಪಿ ಪ್ಲೇಟುಗಳನ್ನು ಕಂಪ್ಯೂಟರಿಗೆ ಹಾಕಿಕೊಟ್ಟ ಅಭ್ಯಾಸವೂ ಇತ್ತು. ಆದರೆ ನಾಟಕ ಕಂಪನಿಗಳ ಕಾಲದ ಪ್ಲೇಟನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ನನಗೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವ ಜಾಯಮಾನ ನನ್ನದಲ್ಲ. ನನಗೆ ಕೋಪ ಬೇಗ ಬರುತ್ತದೆ, ಜಂಬ ಅದಕ್ಕಿಂತ ಬೇಗ.

ಹಾಡಿಗೆ ಮುಂಚೆ ಹಾಡಿದವರ ಬಗ್ಗೆ ನಾಲ್ಕು ಮಾತು ಸೇರಿಸೋಣ, ಅವರ ಮಗಳ, ಅಂದರೆ ಅಜ್ಜಿಯ, ದನಿಯಲ್ಲೇ ಇರಲಿ ಎಂದು ನಾನೇ ಸಲಹೆ ಕೊಟ್ಟೆ. ಭಾನುವಾರ ರೆಕಾರ್ಡರ್ ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಮೇಷ್ಟ್ರ ಅಜ್ಜಿ ಎಂಬತ್ತು ದಾಟಿದವರು, ತೆಳ್ಳಗೆ, ಬೆನ್ನು ಇನ್ನೂ ನೆಟ್ಟಗೆ. ನಡುಮನೆಯ ಮಂಚದ ಮೇಲೆ ಕೂತು, ಕೇಳಿಸುವ ಕಿವಿಯ ಕಡೆಗೆ ನನ್ನನ್ನು ಕೂರಿಸಿಕೊಂಡರು. ನಾನು ಅವರನ್ನು ಅಮ್ಮ ಎಂದೇ ಕರೆದೆ.

"ನಮ್ಮಮ್ಮನ ಊರು ನಗರಗೆರೆ ಕಣಪ್ಪ," ಎಂದು ಶುರುಮಾಡಿದರು. "ಹೆಸರು ವೆಂಕಟಲಕ್ಷ್ಮಿ. ಜೋಳದ ಹೊಲದಾಗೆ ಅಟ್ಟಣೆ ಮೇಲೆ ನಿಂತು ಗಿಳಿ ಓಡ್ಸೋಕೆ ಕೂಗ್ತಿದ್ಲಂತೆ. ಗೌರಿಬಿದನೂರಾಗೆ ಕ್ಯಾಂಪ್ ಹಾಕಿದ್ದ ನಾಟಕದ ಮಾಲೀಕ ಬಂಡಿಯಾಗೆ ಹೋಗ್ತಾ ಆ ಕೂಗು ಕೇಳ್ದ. ಬಂಡಿ ನಿಲ್ಸಿ, ಯಾರ್ ಮಗಳಮ್ಮ ನೀನು ಅಂದ. ಅಲ್ಲಿಗೆ ಆಯ್ತು, ಗಿಳಿಗಳಿಗೆ ಒಳ್ಳೇ ಕಾಲ ಬಂತು."

ಹೇಳಿ ತಾವೇ ನಕ್ಕರು. ತಾಯಿಯ ಕಥೆಯನ್ನು ಅವರು ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿದ್ದಿರಬೇಕು, ಎಲ್ಲೂ ತಡವರಿಸಲಿಲ್ಲ. ಮೈಕಿಲ್ಲದ ಕಾಲ. ಮುಂದಿನ ಕುರ್ಚಿಯವರಿಗೆ ಕೇಳಿಸಿದರೆ ಸಾಲದು, ಟಿಕೆಟ್ಟಿಲ್ಲದೆ ತಟ್ಟಿಯ ಆಚೆ ನಿಂತವರಿಗೂ ಒಂದು ಮಾತೂ ಬಿಡದ ಹಾಗೆ ಮುಟ್ಟಬೇಕು. ಹಾಗಾಗಿ ಬೇರೆಯವರು ಏರಲಾರದ ಶ್ರುತಿಯಲ್ಲಿ ಆಕೆ ಹಾಡುತ್ತಿದ್ದಳು. ಹಾರ್ಮೋನಿಯಂನವರು ಕರಿ ಐದಕ್ಕಿಂತ, ಅಂದರೆ ಐದನೇ ಕಪ್ಪು ಮನೆಯ ಶ್ರುತಿಗಿಂತ, ಕೆಳಗೆ ಹಿಡಿದರೆ ಕೆಂಗಣ್ಣು ಬಿಡುತ್ತಿದ್ದಳಂತೆ. ಗೌರಿಬಿದನೂರು, ಹಿಂದೂಪುರ, ಚಿಂತಾಮಣಿ, ಕೋಲಾರ ಎಂದು ಕಂಪನಿ ಹೋದಲ್ಲೆಲ್ಲ ಜನ ಆಕೆಯ ಹಾಡಿಗೇ ಕಾದಿರುತ್ತಿದ್ದರು.

"ಒನ್ಸ್ ಮೋರ್ ಅಂತ ಜನ ಕೂಗೋರಂತೆ. ಒಂದು ಸಲ ಅಲ್ಲ, ಸುಮ್ನಾಗೋವರ್ಗೂ. ನಾಟಕದಾಗೆ ಗಂಡ ಸತ್ತು ಬಿದ್ದಿರ್ತಾನಲ್ಲ, ಅವನು ಸೊಳ್ಳೆ ಹೊಡ್ಕೊಂಡು ಬಿದ್ದಿರ್ಬೇಕು ಪಾಪ. ಬೇಗ ಮುಗ್ಸೇ ತಾಯಿ ಅಂತ ಮೆಲ್ಲಗೆ ಗೋಗರೀತಿದ್ನಂತೆ."

ಪ್ಲೇಟು ಮಾಡಿದ್ದು ಬೆಂಗಳೂರಿನ ಒಂದು ಮನೆಯ ಕೋಣೆಯಲ್ಲಿ. ಗೋಡೆಯಿಂದ ಚಾಚಿಕೊಂಡಿದ್ದ ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಮೇಲಿನ ಸ್ವರಕ್ಕೆ ಹೋದಾಗ ದನಿಯ ರಭಸಕ್ಕೆ ಗೀರು ಕೆಟ್ಟುಹೋಗುತ್ತದೆಂದು ಹಿಂದೆ ನಿಂತ ಒಬ್ಬ ಭುಜ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ, ಕೆಳಗೆ ಇಳಿದಾಗ ಮುಂದಕ್ಕೆ ನೂಕುತ್ತಿದ್ದ. ಹಾಡು ಮುಗಿದ ತಕ್ಷಣ ಹೆಸರು ಹೇಳಬೇಕೆಂದು ತಾಕೀತು ಮಾಡಿದ್ದರು. ದೂರದೇಶದ ಕಾರ್ಖಾನೆಯವರಿಗೆ ಯಾವ ಪ್ಲೇಟು ಯಾರದ್ದೆಂದು ಗೊತ್ತಾಗಬೇಕಲ್ಲ. ಆ ಕಾಲದ ಪ್ಲೇಟುಗಳಲ್ಲಿ ಅದೇ ರೂಢಿ.

"ಆಮೇಲೆ ನಮ್ಮಪ್ಪ ಬಂದ," ಎಂದರು. ಗೌರಿಬಿದನೂರು ಕಡೆಯ ಜಮೀನ್ದಾರರು. ಮೊದಲ ಹೆಂಡತಿಗೆ ಮಕ್ಕಳಿರಲಿಲ್ಲ. ನಾಟಕ ನೋಡಿ, ಮರುಳಾಗಿ, ಮದುವೆ ಮಾಡಿಕೊಂಡು ಕರೆತಂದರು. ಯಾವ ಗಂಟಲಿಗೆ ಮರುಳಾದರೋ ಅದೇ ಗಂಟಲಿಗೆ ಬೀಗ ಹಾಕಿದರು. ಮನೆ ತುಂಬಿದ ದಿನವೇ ದೀಪ ಮುಟ್ಟಿಸಿ ಆಣೆ ಇಡಿಸಿದರಂತೆ, ಇನ್ನು ಹಾಡಬಾರದು ಎಂದು.

"ಜೋಗುಳಾನೂ ಹಾಡ್ಲಿಲ್ಲ ಕಣಪ್ಪ. ಆರತಿ ಹಾಡ್ನೂ ಪಕ್ಕದ ಮನೆಯೋರೇ ಬಂದು ಹಾಡ್ಬೇಕು. ಅಪ್ಪ ಹೋದ್ಮೇಲಾದ್ರೂ ಹಾಡಮ್ಮ ಅಂದೆ. ದೀಪ ಮುಟ್ಟಿದೀನಿ ಅಂದ್ಲು. ನನ್ನ ತಲೆ ನರೆಯೋವರ್ಗೂ ಇದ್ಲು, ಒಂದು ದಿನ ಬಾಯಾಗೆ ರಾಗ ಬರ್ಲಿಲ್ಲ." ಆಮೇಲೆ ತಮ್ಮ ಕಥೆಗೆ ಬಂದರು. "ಈ ಮನೆಗೆ ಸೊಸೆಯಾಗಿ ಬಂದೆ. ನಾಟಕದೋಳ ಮಗಳು, ನಾಟಕದೋಳ ಮಗಳು ಅಂತ ನಮ್ಮತ್ತೆ, ನಾದಿನೀರು ಅಂದಿದ್ದು ಒಂದೆರಡು ಸಲ ಅಲ್ಲ. ಎಲ್ಲಾ ಅನ್ನಿಸ್ಕೊಂಡೆ. ಆದ್ರೆ ಆ ನಾಟಕದ ಒಂದು ಹಾಡೂ ನಾನು ಕೇಳ್ಲಿಲ್ಲ. ಈ ಪ್ಲೇಟು ಅವಳ ಟ್ರಂಕಿನಾಗೆ ಸೀರೆ ಅಡಿ ಇತ್ತು. ಹಾಕೋಕೆ ಮೆಷೀನು ಇರ್ಲಿಲ್ಲ, ಕೇಳ್ಬೇಕು ಅಂತ ಬಾಯ್ಬಿಟ್ಟು ಹೇಳೋ ಧೈರ್ಯಾನೂ ಇರ್ಲಿಲ್ಲ. ಈಗ ಏನು ಹೆದರಿಕೆ? ಒಂದ್ಸಲ ಕೇಳ್ಸಪ್ಪ, ಸಾಕು."

"ಕೇಳಿಸ್ತೀನಿ ಅಮ್ಮ. ಪೂರ್ತಿ ಕೇಳಿಸ್ತೀನಿ," ಎಂದು ಮಾತು ಕೊಟ್ಟೆ.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಹಳೆಯದು ಏನೇ ಕೈಗೆ ಬಂದರೂ, ಮೊದಲು ಇದ್ದದ್ದನ್ನು ಇದ್ದ ಹಾಗೇ ಒಂದು ಸಲ ಓಡಿಸಿ ದಾಖಲಿಸಿಟ್ಟುಕೊಳ್ಳಬೇಕು. ತೊಳೆಯುವುದು, ಒರೆಸುವುದು ಎಲ್ಲ ಆಮೇಲೆ. ಇದನ್ನು ನಾನು ಬೇರೆಯವರಿಗೆ ಬುದ್ಧಿ ಹೇಳುವಾಗ ತಪ್ಪದೆ ಹೇಳುತ್ತೇನೆ. ಆದರೆ ಅವತ್ತು ಎಪ್ಪತ್ತೆಂಟರ ವೇಗದ ಪ್ಲೇಟಿಗೆಂದೇ ತರಿಸಿದ ದಪ್ಪ ಮುಳ್ಳು ಹೊಸದಾಗಿತ್ತು, ಧೂಳಿಗೆ ಎಲ್ಲಿ ಹಾಳಾಗುತ್ತದೋ ಎಂಬ ಲೆಕ್ಕಾಚಾರ. ಮೊದಲು ತೊಳೆದುಬಿಡೋಣ ಅನ್ನಿಸಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಟೇಪಿನ ಹೆಡ್ಡು ಒರೆಸಲು ನಾನು ಸ್ಪಿರಿಟ್ ಬಳಸುತ್ತೇನೆ. ಎಲ್‌ಪಿ ಪ್ಲೇಟಿಗೂ ಅದನ್ನೇ ನೀರು ಬೆರೆಸಿ ಬಳಸಿದ್ದೆ, ಏನೂ ಆಗಿರಲಿಲ್ಲ. ಮೆಷೀನಿನ ಮೇಲೆ ಪ್ಲೇಟನ್ನು ಮೆಲ್ಲಗೆ ತಿರುಗಿಸುತ್ತಾ, ಹತ್ತಿಬಟ್ಟೆಗೆ ಸ್ಪಿರಿಟ್ ಅದ್ದಿ, ಹೊರ ಅಂಚಿನಿಂದ ಒಳಕ್ಕೆ ಒರೆಸಿಕೊಂಡು ಬಂದೆ. ಬಟ್ಟೆ ಕಪ್ಪಗಾಯಿತು. ಎಷ್ಟು ಕಾಲದ ಕೊಳೆಯಪ್ಪಾ ಎಂದು ಖುಷಿಪಟ್ಟು ಇನ್ನೊಂದು ಮಡಿಕೆ ತಿರುಗಿಸಿ ಇನ್ನಷ್ಟು ಒತ್ತಿದೆ. ಮತ್ತೂ ಕಪ್ಪು ಬಂತು. ನಡುವಿನ ಚೀಟಿ ಹತ್ತಿರವಾಗುತ್ತಿದ್ದಾಗ ಬಟ್ಟೆ ಪ್ಲೇಟಿಗೆ ಅಂಟಿಕೊಂಡು ಕಿತ್ತ ಹಾಗಾಯಿತು. ಬೆರಳಿನಲ್ಲಿ ಮುಟ್ಟಿದೆ, ಜಿಗುಟು. ಬೆಳಕಿಗೆ ಹಿಡಿದು ನೋಡಿದರೆ ಒರೆಸಿದ ಕಡೆಯೆಲ್ಲ ಹೊಳಪು ಸತ್ತು ಮಂಕಾಗಿತ್ತು. ಗೀರುಗಳೇ ಇಲ್ಲ.

ಆ ಕಾಲದ ಪ್ಲೇಟು ಅರಗಿನದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ನನ್ನ ಸ್ಟುಡಿಯೊದ ಬಾಗಿಲಿಗೆ ಪಾಲಿಶ್ ಹೊಡೆಯುವಾಗ ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸಿದ್ದನ್ನು ಎದುರಿಗೆ ನಿಂತು ನೋಡಿದವನು ನಾನು. ಆ ಬಾಗಿಲನ್ನು ದಿನಾ ತೆಗೆದು ಹಾಕುತ್ತೇನೆ. ಇಷ್ಟಿದ್ದೂ ತಲೆಗೆ ಹೋಗಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ. ಬಟ್ಟೆಯ ಮೇಲಿದ್ದದ್ದು ಕೊಳೆಯಲ್ಲ, ಆ ಹೆಂಗಸಿನ ಹಾಡು.

ಪ್ಲೇಟು ಒಣಗಿಸಿ ಮುಳ್ಳಿಟ್ಟೆ. ಬರೀ ಗರಗರ. ಮುಳ್ಳು ಹಿಡಿತವಿಲ್ಲದೆ ಜಾರಿಕೊಂಡು ಹೋಯಿತು. ಬಟ್ಟೆ ಮುಟ್ಟದೆ ಉಳಿದಿದ್ದ ಕೊನೆಯ ಕೆಲವು ಸುತ್ತುಗಳಿಗೆ ಬಂದಾಗ ಒಮ್ಮೆಲೇ ದನಿ ಎದ್ದಿತು. ಹಾಡಿನ ಕಡೇ ಸಾಲಿನ ಅರ್ಧ. ಮೇಲಿನ ಸ್ವರದಲ್ಲಿ ನಿಂತು, ಅಲ್ಲಿಂದ ಮೆಲ್ಲಗೆ ಇಳಿದು ಮುಗಿಯುತ್ತದೆ. ಒಂದು ಉಸಿರಿನ ಬಿಡುವು. ಆಮೇಲೆ, ಹಾಡಿದ ಏದುಸಿರಿನ್ನೂ ಆರದ ಒಬ್ಬ ಹುಡುಗಿ ಗಡಿಬಿಡಿಯಲ್ಲಿ ಹೇಳುತ್ತಾಳೆ: "ನಗರಗೆರೆ ವೆಂಕಟಲಕ್ಷ್ಮಿ."

ಉಳಿದದ್ದು ಅಷ್ಟೇ. ಪ್ಲೇಟಿನ ಹಿಂಬದಿಯಲ್ಲಿ ಅದೇ ಕಂಪನಿಯ ಹಾರ್ಮೋನಿಯಂನವರು ಒಬ್ಬರೇ ನುಡಿಸಿದ್ದು ಇತ್ತು, ಹಾಡು ಇರಲಿಲ್ಲ. ಎರಡನ್ನೂ ದಾಖಲಿಸಿಕೊಂಡೆ. ಈಗ ನಿಯಮ ನೆನಪಾಯಿತು ನೋಡಿ, ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಊಟಕ್ಕೆ ಮನೆಗೆ ಹೋದವನ ಮುಖ ನೋಡಿ ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

"ಇವತ್ತೇ ಹೋಗಿ ನಿಜ ಹೇಳ್ಬಿಡಿ. ಬೈತಾರೆ, ಬೈಸ್ಕೊಳಿ. ಬೈಗುಳ ಮೈಗೆ ಅಂಟ್ಕೊಳುತ್ತಾ?"

"ಏನಂತ ಹೇಳ್ಲಿ? ನಿಮ್ಮಮ್ಮನ್ನ ಒರೆಸಿ ಹಾಕ್ಬಿಟ್ಟೆ ಅಂತಲಾ?"

"ಹೂಂ, ಹಂಗೇ ಹೇಳಿ. ಉಳ್ದಿರೋ ಅಷ್ಟನ್ನಾದ್ರೂ ಕೊಡಿ. ಏನೂ ಇಲ್ದೋರಿಗೆ ಅಷ್ಟೇ ದೊಡ್ಡದು."

ಹೇಳಲೆಂದೇ ಮೇಷ್ಟ್ರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವರು, "ಸಾರ್, ಆಯ್ತಾ? ಅಜ್ಜಿ ದಿನಾ ಕೇಳ್ತಾವ್ರೆ. ಊರಲ್ಲಿರೋ ನೆಂಟರಿಗೆಲ್ಲ ಬನ್ರೀ ಅಂತ ಹೇಳ್ಬಿಟ್ಟವ್ರೆ. ನಮ್ಮಜ್ಜಿ ಇಷ್ಟು ಹುರುಪಾಗಿದ್ದಿದ್ದು ನಾನು ನೋಡೇ ಇರ್ಲಿಲ್ಲ," ಎಂದರು. "ಕೆಲಸ ನಡೀತಾ ಇದೆ ಮೇಷ್ಟ್ರೆ, ಸ್ವಲ್ಪ ನಾಜೂಕಿನ ಕೆಲಸ," ಎಂದು ಫೋನಿಟ್ಟೆ. ಹೇಡಿ ಮುಂಡೇದು ಎಂದು ನನ್ನನ್ನೇ ಬೈದುಕೊಂಡೆ. ಆದರೆ ಮತ್ತೆ ಫೋನ್ ಮಾಡಲಿಲ್ಲ.

ಅದೇ ಪ್ಲೇಟಿನ ಇನ್ನೊಂದು ಪ್ರತಿ ಎಲ್ಲಾದರೂ ಇದ್ದೀತು ಎಂಬ ಆಸೆಯಿಂದ ಚಿಂತಾಮಣಿಗೆ ಹೋದೆ. ಅಲ್ಲಿ ಹಳೇ ಪ್ಲೇಟು ಕೂಡಿಡುವ ನಿವೃತ್ತ ಅಧಿಕಾರಿಯೊಬ್ಬರಿದ್ದಾರೆ. ಮಲಗುವ ಕೋಣೆಯಲ್ಲೂ ಪ್ಲೇಟುಗಳೇ, ಅವರ ಮನೆಯವರು ಅಡುಗೆಮನೆಯೊಂದನ್ನು ಹೇಗೋ ಉಳಿಸಿಕೊಂಡಿದ್ದಾರೆ. ಅವರಿಗೂ ನಾನು ನಿಜ ಹೇಳಲಿಲ್ಲ. ಪ್ಲೇಟು ಸವೆದಿದೆ ಎಂದು ಕಡೇ ಸಾಲಿನ ಮಾತು ಹೇಳಿದೆ.

"ವೆಂಕಟಲಕ್ಷ್ಮೀದು ನನ್ನತ್ರ ಇಲ್ಲ ಸ್ವಾಮಿ, ಯಾರತ್ರಾನೂ ಇರೋದು ಡೌಟು," ಎಂದರು. "ಹಾಡು ಯಾವ್ದು? ಕಾಡಿಗೆ ಹೊರಟ ಗಂಡನ್ನ ತಡೆಯೋದಾ? ಹಾ, ಅದನ್ನೇ ಇನ್ನೊಂದು ಕಂಪನಿ ಹೆಣ್ಣುಮಗಳು ಹಾಡಿರೋದು ಐತೆ. ಆ ಕಾಲದಾಗೆ ಒಂದು ಹಾಡು ಜನಕ್ಕೆ ಹಿಡಿಸ್ತು ಅಂದ್ರೆ ಎಲ್ಲಾ ಕಂಪನಿಯೋರೂ ಹಾಡ್ತಿದ್ರು. ಕೇಳಿ ನೋಡಿ."

ಕೇಳಿಸಿದರು. ಒಳ್ಳೆಯ ಗಂಟಲು, ತುಸು ಕೆಳಗಿನ ಶ್ರುತಿ. ಅವರು ಆ ಗಾಯಕಿಯ ಬಗ್ಗೆ ಏನೋ ಹೇಳುತ್ತಲೇ ಇದ್ದರು. ನನ್ನ ಕಿವಿ ಅಲ್ಲಿರಲಿಲ್ಲ. ಅದೇ ಹಾಡು, ಅದೇ ಕಾಲ, ಅದೇ ಗರಗರ ಎಂದು ತಲೆಯಲ್ಲಿ ಓಡುತ್ತಿತ್ತು. ಆ ಅಮ್ಮ ತಾಯಿಯ ಹಾಡನ್ನು ಜನ್ಮದಲ್ಲಿ ಕೇಳಿಲ್ಲ, ಅರ್ಧ ಕಿವಿ ಬೇರೆ. ಯಾರಿಗೆ ಗೊತ್ತಾಗುತ್ತದೆ? ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆ. ಊರು ಮುಟ್ಟುವಷ್ಟರಲ್ಲಿ ಅದು ಮೋಸವಲ್ಲ, ಮುದುಕಿಗೆ ಮಾಡುವ ಉಪಕಾರ ಎಂದು ನನಗೆ ನಾನೇ ಒಪ್ಪಿಸಿಬಿಟ್ಟಿದ್ದೆ.

ಆ ಕೆಲಸವನ್ನು ನಾನು ಎಷ್ಟು ಶ್ರದ್ಧೆಯಿಂದ ಮಾಡಿದೆ ಎನ್ನುವುದೇ ಇವತ್ತಿಗೂ ನನ್ನನ್ನು ಹೆಚ್ಚು ಕುಗ್ಗಿಸುವುದು. ಹಿಂಬದಿಯ ಹಾರ್ಮೋನಿಯಂ ಹಿಡಿದು ವೆಂಕಟಲಕ್ಷ್ಮಿಯ ಶ್ರುತಿ ಕಂಡುಕೊಂಡೆ, ಕರಿ ಐದೇ. ಇನ್ನೊಬ್ಬಾಕೆಯ ಹಾಡಿನ ವೇಗವನ್ನು ಒಂದಿಷ್ಟು ಏರಿಸಿ ಆ ಶ್ರುತಿಗೆ ತಂದೆ. ದನಿ ಸ್ವಲ್ಪ ತೆಳುವಾಯಿತು, ಹುಡುಗಿಯ ದನಿಯೇ ಆಯಿತು. ಗರಗರ ಬೇರೆಯಾದರೆ ಜೋಡಣೆ ಗೊತ್ತಾಗುತ್ತದೆ. ಅದಕ್ಕೆ ವೆಂಕಟಲಕ್ಷ್ಮಿಯ ಪ್ಲೇಟಿನ ಗರಗರವನ್ನೇ ತೆಗೆದು ಇಡೀ ಹಾಡಿನ ಅಡಿಗೆ ಹಾಸಿದೆ. ನಿಜವಾದ ಅರ್ಧ ಸಾಲನ್ನು ಹಾಡಿನ ಕೊನೆಗೆ ಸೇರಿಸಿ ನೋಡಿದೆ. ಕೂಡಲಿಲ್ಲ. ಆ ದನಿಯ ಮುಂದೆ ಹಿಂದಿನದೆಲ್ಲ ಪೇಲವವಾಗಿ ಕೇಳಿಸಿತು. ಸರಿ, ಅರ್ಧ ಸಾಲನ್ನೇ ತೆಗೆದುಹಾಕಿದೆ. ಇನ್ನೊಬ್ಬಾಕೆಯೂ ಕೊನೆಯಲ್ಲಿ ಹೆಸರು ಹೇಳಲು ಶುರುಮಾಡುತ್ತಾಳೆ. ಮೊದಲ ಅಕ್ಷರಕ್ಕೇ ಕತ್ತರಿಸಿ, ಅಲ್ಲಿ "ನಗರಗೆರೆ ವೆಂಕಟಲಕ್ಷ್ಮಿ" ಕೂರಿಸಿದೆ. ಪೂರ್ತಿ ಹಾಕಿ ಕೇಳಿದಾಗ ಎಲ್ಲೂ ಒಂದು ಹೊಲಿಗೆ ಕಾಣಲಿಲ್ಲ. ಭೇಷ್ ಎಂದುಕೊಂಡೆ. ದೇವರಾಣೆಗೂ, ಭೇಷ್ ಎಂದುಕೊಂಡೆ.

ಹೆಂಡತಿಗೆ ಕೇಳಿಸಿದೆ. ಅವಳು ಹಾಡು ಮುಗಿಯುವ ತನಕ ಕೂರಲೇ ಇಲ್ಲ. "ನೀವೂ ನಿಮ್ಮ ಕಂಪ್ಯೂಟ್ರೂ," ಎಂದು ಎದ್ದುಹೋದಳು.

ಶಿಡ್ಲಘಟ್ಟದ ಮನೆಯಲ್ಲಿ ಅವತ್ತು ಹಬ್ಬದ ಕಳೆ. ನಡುಮನೆಯಲ್ಲಿ ಚಾಪೆ ಹಾಸಿದ್ದರು, ಹತ್ತಿರದ ನೆಂಟರೆಲ್ಲ ಸೇರಿದ್ದರು. ಅಮ್ಮ ಹೊಸ ಸೀರೆ ಉಟ್ಟು ಮಂಚದ ಮೇಲೆ ಕೂತಿದ್ದರು. ಹಿಂದೆ ನಾಟಕದೋಳ ಮಗಳು ಎಂದು ಆಡಿಕೊಂಡವರಲ್ಲಿ ಇನ್ನೂ ಬದುಕಿದ್ದ ಒಬ್ಬ ನಾದಿನಿಯನ್ನು ಹೇಳಿಕಳಿಸಿ ಕರೆಸಿ ಮುಂದೆಯೇ ಕೂರಿಸಿದ್ದರು. ಮನೆಯವರಿಗೆ ಸ್ಪೀಕರ್, ಅಮ್ಮನಿಗೆ ಹೆಡ್‌ಫೋನು. ಒಮ್ಮೆ ಹಾಕಿದ ವೈರನ್ನೇ ಕಿತ್ತು ಮತ್ತೆ ಹಾಕಿದೆ. ಮೇಷ್ಟ್ರು, "ಏನ್ ಸಾರ್, ಒಂಥರಾ ಇದೀರಾ?" ಎಂದಾಗ, "ಏನಿಲ್ವಲ್ಲ, ಯಾಕೆ?" ಎಂದು ಬೆಚ್ಚಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹಾಡು ಶುರುವಾಯಿತು. ಮೇಷ್ಟ್ರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾದಿನಿ ಕೂಡ, "ಏಂ ಗೊಂತಮ್ಮಾ!" ಎಂದು ಆ ಗಂಟಲಿಗೆ ಬೆರಗಾಗಿ ತೆಲುಗಿನಲ್ಲಿ ಉದ್ಗರಿಸಿದರು. ಮನೆಯಲ್ಲಿ ಕಣ್ಣು ಒದ್ದೆಯಾಗದೆ ಇದ್ದವರು ಇಬ್ಬರೇ, ನಾನು ಮತ್ತು ಆ ಅಮ್ಮ. ಅವರು ತಲೆ ತುಸು ಓರೆ ಮಾಡಿ, ಬಾಗಿಲಲ್ಲಿ ನಿಂತ ಯಾರನ್ನೋ ಗುರುತಿಸಲು ನೋಡುವವರ ಹಾಗೆ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. ನೆಂಟರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ, "ಚೆನ್ನಾಗೈತೆ, ಚೆನ್ನಾಗೈತೆ," ಎಂದು ತಲೆಯಾಡಿಸಿದರು. ಆಸೆಪಟ್ಟು ಕಾದದ್ದು ಬಂದಿದೆ, ಅಳು ಯಾಕೆ ಬರುತ್ತಿಲ್ಲ ಎಂದು ತಮ್ಮ ಮೇಲೇ ಅವರಿಗೆ ಬೇಸರವಾದ ಹಾಗಿತ್ತು. ಅದನ್ನು ನೋಡಿ ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಹಾಡು ಮುಗಿಯಿತು. "ನಗರಗೆರೆ ವೆಂಕಟಲಕ್ಷ್ಮಿ."

ಅಮ್ಮ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದರು. "ಇದು! ಇದು ನಮ್ಮಮ್ಮ! ಅಯ್ಯೋ ನಮ್ಮಮ್ಮ ಕಣೇ," ಎಂದು ನಾದಿನಿಯ ಕಡೆ ತಿರುಗಿ ಕೂಗಿದರು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. "ಇನ್ನೊಂದ್ಸಲ ಹಾಕಪ್ಪ. ಹಾಡು ಬ್ಯಾಡ. ಹೆಸರು ಹಾಕು."

ಹಾಕಿದೆ. ಇನ್ನೊಮ್ಮೆ ಎಂದರು. ಹಾಕಿದೆ. ಮತ್ತೂ ಕೇಳಿದರು. ಆಮೇಲೆ ಹೆಡ್‌ಫೋನನ್ನು ಒಂದು ಕಡೆ ಸರಿಸಿ ನನ್ನ ಮುಖವನ್ನೇ ನೋಡಿದರು.

"ಹಾಡಿದ್ದು ಬೇರೆ ಯಾರೋ, ಅಲ್ವಾ?"

"ಯಾಕಜ್ಜಿ ಹಂಗಂತೀಯ?" ಎಂದರು ಮೇಷ್ಟ್ರು. "ಒಂದೇ ಪ್ಲೇಟು ಅದು."

"ನೀನು ಸುಮ್ಕಿರೋ. ಬಾರೇ ತಲ್ಲೀ, ಊಟ ಮಾಡು ಬಾರೇ ಅಂತ ಆ ಗಂಟಲು ಜೀವಮಾನ ಎಲ್ಲಾ ನನ್ನ ಕರೆದೈತೆ. ಅದು ಹಾಡಿದ್ರೆ ನಂಗೆ ಗೊತ್ತಾಗಲ್ವೇನೋ? ಹೇಳಪ್ಪ, ಏನು ಮಾಡಿದೆ?"

ಅಷ್ಟು ಜನರ ಮುಂದೆ ಹೇಳಿದೆ. ಸ್ಪಿರಿಟ್ಟು, ಬಟ್ಟೆ, ಚಿಂತಾಮಣಿ, ಎಲ್ಲ. ಮೇಷ್ಟ್ರು ಎದ್ದು ನಿಂತರು. ನಾದಿನಿ, "ಥೂ, ಇದೂ ಒಂದು ಕಸುಬಾ?" ಎಂದರು. ನಾನು ನೆಲ ನೋಡುತ್ತಾ ಕೂತಿದ್ದೆ. ಬೈಗುಳ ಮೈಗೆ ಅಂಟುವುದಿಲ್ಲ ಎಂದು ಹೆಂಡತಿ ಹೇಳಿದ್ದು ಸುಳ್ಳು, ಅದು ಇನ್ನೂ ಅಂಟಿಕೊಂಡೇ ಇದೆ.

"ಅವಳು ಹಾಡಿದ್ದು ಏನೂ ಉಳ್ದಿಲ್ವಾ?" ಎಂದು ಅಮ್ಮ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಅರ್ಧ ಸಾಲು ಉಳ್ದಿದೆ ಅಮ್ಮ."

"ಮತ್ತೆ ಅದ್ನ ಯಾಕಪ್ಪ ಇಟ್ಕೊಂಡು ಕೂತಿದೀಯ?"

ಲ್ಯಾಪ್‌ಟಾಪಿನಲ್ಲಿ ಹುಡುಕಿ ತೆಗೆದೆ. ಯಾವ ಚಿಕಿತ್ಸೆಯನ್ನೂ ಮಾಡದ, ಗರಗರ ತುಂಬಿದ ಅರ್ಧ ಸಾಲು. ಸ್ಪೀಕರ್ ಬಂದ್ ಮಾಡು ಎಂದರು. ಅವರಿಗೊಬ್ಬರಿಗೇ ಹಾಕಿದೆ. ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ಮೇಲಿನ ಸ್ವರ ಬಂದ ಕಡೆ ಅವರ ಭುಜ ಹಿಂದಕ್ಕೆ ವಾಲಿತು. ಮುಗಿದ ಮೇಲೆ ಇನ್ನೊಮ್ಮೆ ಹಾಕಲೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಮೊದಲ ದಿನವೇ ಇದನ್ನು ತಂದುಕೊಟ್ಟಿದ್ದರೆ ನನ್ನ ತಪ್ಪಿನ ನಡುವೆಯೂ ಅವರ ಆಸೆ ತೀರುತ್ತಿತ್ತು. ಅದನ್ನು ನಾನೇ ತೆಗೆದುಹಾಕಿ, ಹೊಲಿಗೆ ಕಾಣಬಾರದೆಂದು ಮುಚ್ಚಿಟ್ಟಿದ್ದೆ.

ಹೆಡ್‌ಫೋನ್ ಕಳಚಿ ನನ್ನ ಕೈಗೆ ಕೊಟ್ಟರು. ಕಣ್ಣೊರೆಸಿಕೊಂಡರು. ಹೋಗಿ ಬಾ ಅನ್ನುತ್ತಾರೆ ಎಂದುಕೊಂಡು ವೈರುಗಳನ್ನು ಸುತ್ತತೊಡಗಿದೆ.

"ಇನ್ನೊಬ್ಳು ಹಾಡಿದ್ಲಲ್ಲ ಪೂರ್ತಿ," ಎಂದರು. "ಪಾಪ, ಅವ್ಳೂ ಚೆನ್ನಾಗೇ ಹಾಡವ್ಳೆ. ಯಾರಪ್ಪ ಅವ್ಳು?"

"ಬೇರೆ ಕಂಪನಿಯವರು ಅಮ್ಮ."

"ಹೆಸರು?"

ನಾನು ವೈರು ಸುತ್ತುತ್ತಲೇ ಇದ್ದೆ.

"ಕೊನೇಗೆ ಅವ್ಳೂ ಹೇಳಿರ್ಬೇಕಲ್ಲ, ನಮ್ಮಮ್ಮ ಹೇಳ್ದಂಗೆ. ಅವ್ಳಿಗೂ ಮಕ್ಳು ಮರಿ ಇರ್ತಾರೆ, ಎಲ್ಲೋ ಕಾಯ್ತಾ ಇರ್ತಾರೆ. ಏನಂದ್ಲು?"

"ಕೇಳಿಸಿಕೊಳ್ಳಲಿಲ್ಲ ಅಮ್ಮ. ನಿಮ್ಮಮ್ಮನ ಹೆಸರು ಹಾಕ್ಬೇಕಿತ್ತಲ್ಲ... ಕತ್ತರಿಸಿ ಹಾಕ್ಬಿಟ್ಟೆ."

ಬೈಯಲಿಲ್ಲ.

"ಕಿವಿ ಹೋಗಿರೋದು ನಂಗೆ ಕಣಪ್ಪ," ಎಂದರು ಅಷ್ಟೆ.